ಮೂತಿಯ ಹತ್ತಿರ ಪಟ್ಟಿ ಕೂರದಿದ್ದರೆ ಅದು ಅಂಟಿನ ತಪ್ಪಲ್ಲ

ಪ್ರಶ್ನೆ: ಕಿಟ್‌ನಿಂದ ಮರದ ಹಾಯಿದೋಣಿಯ ಮಾದರಿ ಕಟ್ಟುತ್ತಿದ್ದೇನೆ. ಇದು ನನ್ನ ಮೊದಲನೆಯದು. ಉದ್ದ 60 ಸೆಂ.ಮೀ., ಒಂದೇ ಹಾಯಿಕಂಬ. ಪ್ಲೈವುಡ್ ಕೀಲ್‌ಗೆ, ಅಂದರೆ ದೋಣಿಯ ತಳದ ಬೆನ್ನೆಲುಬಿಗೆ, ಒಂಬತ್ತು ಅಡ್ಡ ಚೌಕಟ್ಟು ಕೂರಿಸಿ, ಡೆಕ್ (ದೋಣಿಯ ಮೇಲ್ಹಾಸು) ಕಡೆಯಿಂದ ಶುರುಮಾಡಿ ಎರಡೂ ಬದಿಗೆ ಆರಾರು ಪಟ್ಟಿ ಅಂಟಿಸಿದ್ದೇನೆ. ಹೊದಿಕೆ ಎರಡು ಪದರದ್ದು. ಮೊದಲ ಪದರಕ್ಕೆ 5 ಮಿ.ಮೀ. ಅಗಲ, 1.5 ಮಿ.ಮೀ. ದಪ್ಪದ ಬಾಸ್‌ವುಡ್ ಪಟ್ಟಿ ಕೊಟ್ಟಿದ್ದಾರೆ. ಮೂತಿಯ ಹತ್ತಿರ ಪಟ್ಟಿಗಳು ಒಂದರ ಮೇಲೊಂದು ಏರುತ್ತಿವೆ. ಕ್ಲಿಪ್ ತೆಗೆದರೆ ಎದ್ದು ಬರುತ್ತವೆ. ಎರಡು ಮುರಿದೇ ಹೋದವು. ಹಿಂಬದಿಯಲ್ಲಿ ನೋಡಿದರೆ ಪಟ್ಟಿಗಳ ನಡುವೆ ಸಂದು ಬಿಟ್ಟಿದೆ. ಇನ್ನೊಂದು ವಿಷಯ, ಮುಗಿದ ಮೇಲೆ ಇದನ್ನು ನೀರಿನಲ್ಲಿ ನಿಜವಾಗಿ ಓಡಿಸುವ ಆಸೆ ಇದೆ. ಆಗುತ್ತದೆಯೇ? ಅಂಟು ಬದಲಾಯಿಸಬೇಕೇ?

ಉತ್ತರ: ಕ್ಲಿಪ್ ತೆಗೆದ ಕೂಡಲೇ ಪಟ್ಟಿ ಎದ್ದು ಬರುತ್ತದೆ ಅಂದಿರಲ್ಲ, ನಿಮ್ಮ ತೊಂದರೆಯ ಮೂಲ ಅಲ್ಲೇ ಇದೆ. ಆ ಪಟ್ಟಿಗೆ ಆ ಜಾಗದಲ್ಲಿ ಕೂರಲು ಇಷ್ಟವಿಲ್ಲ. ನೀವು ಅಂಟು, ಕ್ಲಿಪ್ಪು, ಹೆಬ್ಬೆರಳು ಎಲ್ಲ ಸೇರಿಸಿ ಅದನ್ನು ಬಲವಂತವಾಗಿ ಕೂರಿಸಿದ್ದೀರಿ. ಅಂಟಿನ ಕೆಲಸ ಪಟ್ಟಿಯನ್ನು ಹಿಡಿದುಕೊಳ್ಳುವುದು, ಅಷ್ಟೇ. ಬಾಗಿಸುವುದು, ತಿರುಚುವುದು, ಅಗಲ ಹೊಂದಿಸುವುದು ಎಲ್ಲ ಅಂಟು ಹಚ್ಚುವ ಮೊದಲೇ ಮುಗಿದಿರಬೇಕು. ಅಂಟಿಲ್ಲದೆ, ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಪಟ್ಟಿ ಮೂತಿಯಿಂದ ಹಿಂತುದಿಯವರೆಗೆ ತನ್ನ ಜಾಗದಲ್ಲಿ ಮಲಗಬೇಕು. ಮಲಗಲಿಲ್ಲವೋ, ಬಾಟಲಿಯ ಮುಚ್ಚಳ ತೆಗೆಯಬೇಡಿ. ಹಾಯಿದೋಣಿ ಕಟ್ಟುವುದರಲ್ಲಿ ನಾನು ಕಲಿತದ್ದರ ಮುಕ್ಕಾಲು ಪಾಲು ಇದೇ.

ಇವತ್ತಿಗೆ ಏಳನೇ ಪಟ್ಟಿ ಅಂಟಿಸಬೇಡಿ. ಅದಕ್ಕೆ ಎರಡು ಕಾರಣ. ಒಂದು, ಈಗಾಗಲೇ ಅಂಟಿಸಿದ್ದರಲ್ಲಿ ಕೆಲವನ್ನು ಬಿಚ್ಚಬೇಕಾಗುತ್ತದೆ. ಎರಡನೆಯದು ಇನ್ನೂ ಮುಖ್ಯ. ದೋಣಿಯನ್ನು ನೀರಿಗೆ ಬಿಡಬೇಕೋ ಕಪಾಟಿನ ಮೇಲೆ ಇಡಬೇಕೋ ಅನ್ನುವುದನ್ನು ಒಡಲು ಮುಚ್ಚುವ ಮೊದಲೇ ತೀರ್ಮಾನ ಮಾಡಬೇಕು. ಮುಚ್ಚಿದ ಮೇಲೆ ಮನಸ್ಸು ಬದಲಾದರೆ ಡೆಕ್ ಕೊಯ್ಯಬೇಕಾಗುತ್ತದೆ. ಅದರ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ಪಟ್ಟಿಯ ವಿಷಯ ಮುಗಿಸೋಣ.

ಬಿಚ್ಚುವುದು ಕಷ್ಟವಲ್ಲ. ಬಿಳಿ ಮರದಂಟು, ಅಂದರೆ ಪಿವಿಎ ಬಳಸಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲನ್ನು ಬ್ರಷ್‌ನಿಂದ ಸಂದಿಗೆ ಹಚ್ಚಿ ಹತ್ತು ನಿಮಿಷ ಬಿಡಿ, ಮತ್ತೊಮ್ಮೆ ಹಚ್ಚಿ. ಅಂಟು ರಬ್ಬರಿನ ಹಾಗೆ ಮೆತ್ತಗಾಗುತ್ತದೆ. ತೆಳು ಬ್ಲೇಡನ್ನು ಚೌಕಟ್ಟಿನ ಮೇಲೆ ಸರಿಸಿದರೆ ಪಟ್ಟಿ ಬಿಡುತ್ತದೆ. ಸೂಪರ್ ಗ್ಲೂ ಆಗಿದ್ದರೆ ಅಸಿಟೋನ್ ಬೇಕು. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಆರರಲ್ಲಿ ಮೇಲಿನ ಎರಡೋ ಮೂರೋ ಪಟ್ಟಿ ಸರಿಯಾಗಿಯೇ ಕೂತಿರುತ್ತವೆ. ಎಲ್ಲಿಂದ ಏರುವುದಕ್ಕೆ ಶುರುವಾಗಿದೆಯೋ ಅಲ್ಲಿಂದ ಕೆಳಗಿನದನ್ನು ಮಾತ್ರ ತೆಗೆಯಿರಿ.

ಪಟ್ಟಿ ತೆಗೆದ ಮೇಲೆ ದೋಣಿಯ ಅಸ್ಥಿಪಂಜರವನ್ನು ಇನ್ನೊಮ್ಮೆ ನೋಡಿ. ಲೇಸರ್‌ನಲ್ಲಿ ಕತ್ತರಿಸಿದ ಚೌಕಟ್ಟಿನ ಅಂಚು ನೇರವಾಗಿ, 90 ಡಿಗ್ರಿಯಲ್ಲಿ ಇರುತ್ತದೆ. ಆದರೆ ಮೂತಿಯ ಹತ್ತಿರ ಪಟ್ಟಿ ಆ ಚೌಕಟ್ಟನ್ನು ಓರೆಯಾಗಿ ದಾಟುತ್ತದೆ. ಅಂಚನ್ನೂ ಅದೇ ಓರೆಗೆ ಉಜ್ಜದಿದ್ದರೆ ಪಟ್ಟಿ ಬರೀ ಒಂದು ಮೂಲೆಯನ್ನು ಮುಟ್ಟುತ್ತದೆ. ಕೂದಲೆಳೆಯಷ್ಟು ಅಗಲದ ಜಾಗಕ್ಕೆ ಎಂಥ ಅಂಟು ಹಚ್ಚಿದರೂ ಏನು ಹಿಡಿದೀತು? ಕಿಟ್‌ಗಳ ಸೂಚನಾ ಪುಸ್ತಕ ಇದನ್ನು ಒಂದೇ ಸಾಲಿನಲ್ಲಿ ಮುಗಿಸುವುದೇ ಜಾಸ್ತಿ. ನಿಜವಾಗಿ ಇದು ಒಂದು ಪೂರ್ತಿ ಸಂಜೆಯ ಕೆಲಸ.

ಮಾಡುವುದು ಹೀಗೆ. ಒಂದು ಅಡಿ ಉದ್ದದ ನೇರವಾದ ರೀಪಿಗೆ 120 ನಂಬರಿನ ಸ್ಯಾಂಡ್ ಪೇಪರ್ ಅಂಟಿಸಿ. ಒಂದೊಂದೇ ಚೌಕಟ್ಟನ್ನು ಉಜ್ಜಬೇಡಿ. ಒಂದು ಸಲಕ್ಕೆ ಎರಡು ಮೂರು ಚೌಕಟ್ಟಿನ ಮೇಲೆ ಹಾಯುವಂತೆ, ಪಟ್ಟಿ ಓಡುವ ದಿಕ್ಕಿನಲ್ಲೇ ಉಜ್ಜಿ. ಚೌಕಟ್ಟಿನ ಅಂಚಿಗೆ ಮೊದಲೇ ಪೆನ್ಸಿಲ್ ಬಳಿದಿಟ್ಟರೆ ಎಲ್ಲಿ ತಾಗಿತು, ಎಲ್ಲಿ ತಾಗಲಿಲ್ಲ ಅಂತ ಕಾಣುತ್ತದೆ. ನಡುವಿನ ಚೌಕಟ್ಟುಗಳಿಗೆ ಹೆಚ್ಚುಕಡಿಮೆ ಏನೂ ಬೇಡ. ಮೂತಿಯ ಎರಡು, ಹಿಂಬದಿಯ ಎರಡು, ಇವೇ ತಿನ್ನುವುದು. ಆಮೇಲೆ ಒಂದು ಹೊಸ ಪಟ್ಟಿಯನ್ನು ಉದ್ದಕ್ಕೂ ಇಟ್ಟು ಹಿಂದೆ ಟಾರ್ಚ್ ಹಿಡಿಯಿರಿ. ಪಟ್ಟಿಗೂ ಚೌಕಟ್ಟಿಗೂ ನಡುವೆ ಬೆಳಕು ನುಸುಳಿದರೆ ಆ ಚೌಕಟ್ಟು ತಗ್ಗಿದೆ ಅಂತ ಅರ್ಥ. ಬೇರೆ ಎಲ್ಲವನ್ನೂ ಉಜ್ಜಿ ಅದರ ಮಟ್ಟಕ್ಕೆ ತರುವ ಸಾಹಸ ಬೇಡ. ಆ ಒಂದರ ಅಂಚಿಗೇ ತೆಳು ಚೂರು ಅಂಟಿಸಿ ಎತ್ತರಿಸಿ.

ಕೀಲ್ ನೇರವಾಗಿದೆಯೇ ಅನ್ನುವುದನ್ನೂ ಈಗಲೇ ನೋಡಿಕೊಳ್ಳಿ. ಮೂತಿಯ ಕಡೆಯಿಂದ ಒಂದು ಕಣ್ಣು ಮುಚ್ಚಿ, ಬಂದೂಕಿನ ಗುರಿ ನೋಡುವ ಹಾಗೆ ನೋಡಿ. ತೆಳು ಪ್ಲೈವುಡ್ ಬಾಗುವುದು ಸಹಜ. ಸ್ವಲ್ಪವೇ ಬಾಗಿದ್ದರೆ ಒಳಕ್ಕೆ ತಗ್ಗಾದ ಬದಿಯಲ್ಲಿ ಚೌಕಟ್ಟುಗಳ ನಡುವೆ ಮರದ ತುಂಡನ್ನು ಬಿಗಿಯಾಗಿ ಕೂರಿಸಿ ನೇರ ಮಾಡಬಹುದು. ಪಟ್ಟಿ ಪೂರ್ತಿ ಮುಚ್ಚಿದ ಮೇಲೆ ಮಾತ್ರ ಯಾವ ದೇವರೂ ನೇರ ಮಾಡಲಾರ.

ಇನ್ನು ಮೂತಿ. ಅಲ್ಲಿ ಕಿಟ್ ಮಾಡುವವರು ನಮ್ಮಿಂದ ಕೇಳುವುದು ಸ್ವಲ್ಪ ಅನ್ಯಾಯವೇ. ಮೊದಲ ಚೌಕಟ್ಟಿನಿಂದ ಮೂತಿಯ ತುದಿಯವರೆಗೆ ಪಟ್ಟಿಗೆ ಅಂಟಿಕೊಳ್ಳಲು ಏನೂ ಇಲ್ಲ. ಅತಿ ಜೋರಾಗಿ ಬಾಗುವ ಜಾಗವೂ ಅದೇ! ಆ ಖಾಲಿ ಜಾಗಕ್ಕೆ ಎರಡೂ ಬದಿಯಲ್ಲಿ ಬಾಲ್ಸಾ ಅಥವಾ ಬೇರೆ ಮೆತ್ತನೆಯ ಮರದ ತುಂಡು ತುಂಬಿ, ಒಣಗಿದ ಮೇಲೆ ಚೌಕಟ್ಟಿನ ಆಕಾರಕ್ಕೆ ಸರಿಯಾಗಿ ಉಜ್ಜಿ. ಈಗ ಪಟ್ಟಿಗೆ ಒರಗಲು ಒಂದು ಗೋಡೆ ಸಿಕ್ಕಿತು. ಗುಂಡುಸೂಜಿ ಚುಚ್ಚಲೂ ಜಾಗವಾಯಿತು. ಪುಸ್ತಕದಲ್ಲಿ ಹೇಳಿರಲಿ ಬಿಡಲಿ, ಪ್ರತಿ ದೋಣಿಗೂ ನಾನು ಇದನ್ನು ಮಾಡುತ್ತೇನೆ. ನೀರಿಗೆ ಬಿಡುವ ದೋಣಿಯಾದರೆ ಢಿಕ್ಕಿ ಹೊಡೆದಾಗ ಮೂತಿ ಒಡೆಯದಿರುವುದಕ್ಕೂ ಇದೇ ಕಾರಣವಾಗುತ್ತದೆ.

ಈಗ ಅಸಲಿ ಲೆಕ್ಕಕ್ಕೆ ಬರೋಣ. ಪಟ್ಟಿಗಳು ಯಾಕೆ ಒಂದರ ಮೇಲೊಂದು ಏರುತ್ತವೆ? ದೋಣಿ ನಡುವೆ ದಪ್ಪ, ತುದಿಗೆ ಸಣ್ಣ. ಪಟ್ಟಿ ಮಾತ್ರ ಎಲ್ಲ ಕಡೆ 5 ಮಿ.ಮೀ. ನಡುವೆ ಹಿಡಿಸುವಷ್ಟೇ ಪಟ್ಟಿ ಮೂತಿಯಲ್ಲಿ ಹೇಗೆ ಹಿಡಿಸೀತು, ಅಲ್ವಾ?

ಒಂದು ಕಾಗದದ ಚೀಟಿಯನ್ನು ಉದ್ದಕ್ಕೆ ಕತ್ತರಿಸಿಕೊಳ್ಳಿ. ನಡುವಿನ ಚೌಕಟ್ಟಿನ ಮೇಲೆ, ಸರಿಯಾಗಿ ಕೂತ ಕೊನೇ ಪಟ್ಟಿಯ ಕೆಳ ಅಂಚಿನಿಂದ ಕೀಲ್‌ವರೆಗೆ, ತಿರುವಿನ ಜೊತೆಗೇ ಚೀಟಿ ಹಾಯಿಸಿ ಗುರುತು ಹಾಕಿ. 95 ಮಿ.ಮೀ. ಬಂತು ಅಂದುಕೊಳ್ಳಿ. 5ರಿಂದ ಭಾಗಿಸಿದರೆ 19 ಪಟ್ಟಿ. ಹಾಗೇ ಮೂತಿಯ ಮೊದಲ ಚೌಕಟ್ಟನ್ನು ಅಳೆಯಿರಿ. ಅಲ್ಲಿ 57 ಮಿ.ಮೀ. ಬಂದರೆ ಅದೇ 19 ಪಟ್ಟಿಗೆ ಹಂಚಿದಾಗ ಒಂದೊಂದಕ್ಕೆ 3 ಮಿ.ಮೀ. ಅಂದರೆ ಪ್ರತಿ ಪಟ್ಟಿಯೂ ನಡುವಿನ ಚೌಕಟ್ಟಿನಲ್ಲಿ 5 ಇದ್ದದ್ದು ಮೂತಿಗೆ ಬರುವಾಗ 3 ಆಗಬೇಕು. ನೀವು 5ನ್ನೇ ತಂದು ಕೂರಿಸಲು ಹೋಗಿದ್ದೀರಿ. ಉಳಿದ 2 ಮಿ.ಮೀ. ಎಲ್ಲಿಗೆ ಹೋಗಬೇಕು? ಪಕ್ಕದವನ ಬೆನ್ನ ಮೇಲೆ ಹತ್ತುತ್ತದೆ.

ಹಿಂಬದಿಯಲ್ಲಿ ಇದರ ಉಲ್ಟಾ. ಅಲ್ಲಿ ಅಳತೆ 114 ಮಿ.ಮೀ. ಬಂದರೆ ಪಟ್ಟಿಗೆ 6 ಮಿ.ಮೀ. ಬೇಕು. ಇರುವುದು 5. ಮರವನ್ನು ಎಳೆದು ಅಗಲ ಮಾಡಲು ಆಗುವುದಿಲ್ಲ. ನೀವು ಹೇಳಿದ ಸಂದು ಇದೇ. ಅದು ನಿಮ್ಮ ತಪ್ಪಲ್ಲ. ಪಟ್ಟಿಗಳನ್ನು ಅವು ಹೋಗುವ ದಾರಿಯಲ್ಲೇ ಬಿಟ್ಟು, ಉಳಿಯುವ ಉದ್ದನೆಯ ತ್ರಿಕೋನದ ಸಂದಿಗೆ ಅದೇ ಆಕಾರದ ಚೂಪು ಪಟ್ಟಿ ಕತ್ತರಿಸಿ ತುಂಬಬೇಕು. ನಿಜವಾದ ಹಡಗು ಕಟ್ಟುವವರೂ ಇದನ್ನೇ ಮಾಡುತ್ತಾರೆ. ಸಂದು ಮುಚ್ಚಬೇಕೆಂದು ಪಟ್ಟಿಯನ್ನು ಅಡ್ಡಡ್ಡ ಎಳೆದರೆ ಅದು ಚೌಕಟ್ಟಿನ ಮೇಲೆ ಅಂಚಿನಲ್ಲಿ ನಿಂತುಕೊಳ್ಳುತ್ತದೆ.

ಪ್ರತಿ ಚೌಕಟ್ಟಿನಲ್ಲೂ 19 ಸಮಭಾಗ ಮಾಡುವುದು ಬೇಸರದ ಕೆಲಸ. ಅದಕ್ಕೊಂದು ಉಪಾಯ ಇದೆ. ದೊಡ್ಡ ಹಾಳೆಯ ಒಂದು ಕಡೆ 95 ಮಿ.ಮೀ. ಉದ್ದದ ನಿಂತ ಗೆರೆ ಎಳೆದು 5 ಮಿ.ಮೀ.ಗೆ ಒಂದರಂತೆ ಗುರುತು ಹಾಕಿ. ಹಾಳೆಯ ಇನ್ನೊಂದು ತುದಿಯಲ್ಲಿ ಒಂದು ಚುಕ್ಕಿ ಇಟ್ಟು, ಅಲ್ಲಿಂದ ಎಲ್ಲ ಗುರುತಿಗೂ ಗೆರೆ ಎಳೆಯಿರಿ. ಬೀಸಣಿಗೆ ಬಿಚ್ಚಿದ ಹಾಗೆ ಕಾಣುತ್ತದೆ. ಈಗ ಯಾವುದೇ ಚೌಕಟ್ಟಿನ ಅಳತೆಯ ಚೀಟಿ ತಂದು, ಆ ನಿಂತ ಗೆರೆಗೆ ಸಮಾನಾಂತರವಾಗಿ ಹಿಡಿದು, ಚೀಟಿಯ ಎರಡು ಗುರುತು ಮೇಲಿನ ಗೆರೆಗೂ ಕೆಳಗಿನ ಗೆರೆಗೂ ಸರಿ ಕೂರುವ ತನಕ ಜರುಗಿಸಿ. ನಡುವಿನ ಗೆರೆಗಳು ಚೀಟಿಯನ್ನು ಎಲ್ಲಿ ದಾಟುತ್ತವೋ ಅಲ್ಲಿ ಚುಕ್ಕಿ ಹಾಕಿ. 19 ಸಮಭಾಗ ಸಿದ್ಧ, ಕ್ಯಾಲ್ಕುಲೇಟರ್ ಬೇಡ. ಚೀಟಿಯನ್ನು ವಾಪಸ್ ಚೌಕಟ್ಟಿಗೆ ಹಿಡಿದು ಅಂಚಿನ ಮೇಲೆ ಪೆನ್ಸಿಲ್ ಗುರುತು ಮಾಡಿಕೊಳ್ಳಿ. ನಡುವಿನದಕ್ಕಿಂತ ದೊಡ್ಡ ಅಳತೆಗೆ, ಅಂದರೆ ಹಿಂಬದಿಗೆ, ಇದು ಬೇಡ. ಅಲ್ಲಿ ಪಟ್ಟಿ ಪೂರ್ತಿ ಅಗಲದಲ್ಲೇ ಹೋಗುತ್ತದೆ.

ಪಟ್ಟಿ ಸಣ್ಣ ಮಾಡುವಾಗ ಎರಡು ಮಾತು ನೆನಪಿರಲಿ. ಒಂದೇ ಅಂಚನ್ನು ಕೆತ್ತಿ. ಮೇಲಿನ ಪಟ್ಟಿಗೆ ತಾಗುವ ಅಂಚು ಹಾಗೇ ನೇರವಾಗಿರಲಿ. ಇನ್ನೊಂದು, ಎಡಕ್ಕೊಂದು ಬಲಕ್ಕೊಂದು, ಎರಡು ಪಟ್ಟಿಯನ್ನು ಜೋಡಿಸಿ ಹಿಡಿದು ಒಟ್ಟಿಗೇ ಕೀಸಿ. ಚಿಕ್ಕ ಕೀಸುಳಿ ಇದ್ದರೆ ಸುಖ. ಇಲ್ಲದಿದ್ದರೆ ಲೋಹದ ಸ್ಕೇಲ್ ಮತ್ತು ಹೊಸ ಬ್ಲೇಡು. ಮರದ ಎಳೆ ಯಾವ ಕಡೆ ಓಡುತ್ತಿದೆ ಅಂತ ನೋಡಿ. ಅಗಲದ ಕಡೆಯಿಂದ ಸಣ್ಣ ತುದಿಯ ಕಡೆಗೆ ಕತ್ತರಿಸಿದರೆ ಬ್ಲೇಡು ಎಳೆಯ ಒಳಗೆ ನುಗ್ಗುವುದಿಲ್ಲ. ಅರ್ಧಕ್ಕಿಂತ ಸಣ್ಣ, ಅಂದರೆ 2.5 ಮಿ.ಮೀ.ಗಿಂತ ಕಡಿಮೆ ಮಾಡಬೇಡಿ. ಅಷ್ಟು ಸಣ್ಣದಕ್ಕೆ ಸೂಜಿ ಚುಚ್ಚಿದರೆ ಸೀಳುತ್ತದೆ. ಲೆಕ್ಕದಲ್ಲಿ ಅರ್ಧಕ್ಕಿಂತ ಕಡಿಮೆ ಬಂದರೆ ಎರಡು ಪಟ್ಟಿಯನ್ನು ಮೂತಿಗೆ ಮೊದಲೇ ನಿಲ್ಲಿಸಿ, ಅಲ್ಲಿಂದ ಮುಂದೆ ಒಂದೇ ಪಟ್ಟಿಯಾಗಿ ಒಯ್ಯಬೇಕು.

ಬಾಗಿಸುವ ವಿಷಯ. ನಿಮ್ಮ ಎರಡು ಪಟ್ಟಿ ಮುರಿದದ್ದು ಒಣಗಿದ್ದನ್ನು ಬಾಗಿಸಿದ್ದರಿಂದ ಇರಬೇಕು. 1.5 ಮಿ.ಮೀ. ಬಾಸ್‌ವುಡ್ ಬಿಸಿನೀರಿನಲ್ಲಿ ಇಪ್ಪತ್ತು ಮೂವತ್ತು ನಿಮಿಷ ನೆನೆದರೆ ಸಾಕು. ತೆಗೆದು ಹೇರ್ ಡ್ರೈಯರ್ ಹಿಡಿದು, ಬಾಟಲಿಯೋ ಡಬ್ಬಿಯೋ ದುಂಡಗಿನ ಯಾವುದಾದರೂ ವಸ್ತುವಿನ ಮೇಲೆ ನಿಧಾನವಾಗಿ ಮಣಿಸಿ. ಬಾಗಿಸುವಾಗ ಪಟ್ಟಿ ಕಿವಿಯ ಹತ್ತಿರ ಇರಲಿ. ಮುರಿಯುವ ಮೊದಲು ಸಣ್ಣಗೆ ಚಿಟಿಚಿಟಿ ಅನ್ನುತ್ತದೆ. ಆ ಸದ್ದು ಬಂದ ಕೂಡಲೇ ನಿಲ್ಲಿಸಿ, ಮತ್ತೆ ಒದ್ದೆ ಮಾಡಿ, ಮತ್ತೆ ಬಿಸಿ ಮಾಡಿ. ಬಾಗಿದ ಮೇಲೆ ದೋಣಿಯ ಮೇಲೇ ಅದರ ಜಾಗದಲ್ಲಿ ಕ್ಲಿಪ್ ಹಾಕಿ ರಾತ್ರಿಯಿಡೀ ಒಣಗಲು ಬಿಡಿ. ಅಂಟು ಬೇಡ! ಒದ್ದೆ ಮರ ಉಬ್ಬಿರುತ್ತದೆ. ಆಗಲೇ ಅಂಟಿಸಿದರೆ ಒಣಗುವಾಗ ಕುಗ್ಗಿ, ಎಲ್ಲ ಪಟ್ಟಿಯ ನಡುವೆಯೂ ಕೂದಲಿನಂಥ ಬಿರುಕು ಬಿಡುತ್ತದೆ. ಬೆಳಿಗ್ಗೆ ಕ್ಲಿಪ್ ತೆಗೆದಾಗ ಪಟ್ಟಿ ಹೆಚ್ಚುಕಡಿಮೆ ಅದೇ ಆಕಾರದಲ್ಲಿ ನಿಂತಿರಬೇಕು. ಈಗ ಅಂಟಿನ ಬಾಟಲಿ ತೆಗೆದುಕೊಳ್ಳಿ.

ಚಪ್ಪಟೆ ಮುಖದ ಕಡೆಗೆ ಬಾಗಿಸುವುದು ಸುಲಭ. ಅಂಚಿನ ಕಡೆಗೆ, ಅಂದರೆ 5 ಮಿ.ಮೀ. ಅಗಲದ ದಿಕ್ಕಿನಲ್ಲಿ ಬಾಗಿಸಲು ಹೋದರೆ ಪಟ್ಟಿ ಡೊಂಕು ಹೊಡೆದು ಮೇಲೇಳುತ್ತದೆ. ಹೊಸಬರು ಗುದ್ದಾಡುವುದು ಇಲ್ಲೇ. ಸರಿಯಾಗಿ ಸಣ್ಣ ಮಾಡಿದ ಪಟ್ಟಿಗೆ ಈ ಅಂಚಿನ ಬಾಗು ತುಂಬಾ ಕಡಿಮೆ ಸಾಕಾಗುತ್ತದೆ. ಅದಕ್ಕೇ ಲೆಕ್ಕವನ್ನು ಅಷ್ಟು ಎಳೆದು ಹೇಳಿದ್ದು.

ಅಂಟಿಸುವ ಕ್ರಮ: ಎಡಕ್ಕೆ ಒಂದು, ಬಲಕ್ಕೆ ಒಂದು. ಎಂದೂ ಒಂದೇ ಬದಿ ಮುಗಿಸಬೇಡಿ. ನನ್ನ ಮೊದಲ ದೋಣಿಯಲ್ಲಿ ಹುಮ್ಮಸ್ಸು ಜಾಸ್ತಿಯಾಗಿ ಒಂದೇ ದಿನದಲ್ಲಿ ಎಡಬದಿ ಪೂರ್ತಿ ಮುಚ್ಚಿಬಿಟ್ಟೆ. ಸಂಜೆ ನೋಡಿದರೆ ಕೀಲ್ ಬಿಲ್ಲಿನ ಹಾಗೆ ಬಾಗಿತ್ತು. ಬಲಬದಿ ಹಾಕಿದ ಮೇಲೆ ಸರಿಯಾಗಬಹುದು ಅಂದುಕೊಂಡೆ. ಆಗಲಿಲ್ಲ. ಆ ದೋಣಿ ಚುಕ್ಕಾಣಿ ನಡುವೆ ಇಟ್ಟರೂ ಎಡಕ್ಕೇ ತಿರುಗುತ್ತಿತ್ತು, ಕೊನೆಯವರೆಗೂ. ಈಗಲೂ ಇಟ್ಟುಕೊಂಡಿದ್ದೇನೆ, ಸುಮ್ನೆ ನೆನಪಿಗೆ.

ಮೇಲಿನಿಂದ ಏಳೆಂಟು ಪಟ್ಟಿ ಆದ ಮೇಲೆ ಕೀಲ್ ಕಡೆಗೆ ಹೋಗಿ. ಕೀಲ್‌ಗೆ ತಾಗಿದ ಮೊದಲ ಪಟ್ಟಿಯನ್ನು ಮೂತಿಯಲ್ಲಿ ಮೇಲಕ್ಕೆ ಹತ್ತಲು ಬಿಡಬೇಡಿ. ಕೀಲ್ ಮೇಲಕ್ಕೆ ತಿರುಗಲು ಶುರುವಾಗುವ ಜಾಗದ ಆಸುಪಾಸಿನಲ್ಲೇ ಅದು ಮುಗಿಯಬೇಕು. ಅದು ಮೇಲೆ ಹತ್ತಿದರೆ ನಡುವಿನ ಪಟ್ಟಿಗಳಿಗೆ ಮೂತಿಯಲ್ಲಿ ಜಾಗವೇ ಉಳಿಯುವುದಿಲ್ಲ. ಆಮೇಲೆ ಎರಡೂ ಕಡೆಯಿಂದ ಬಂದು ಹೊಟ್ಟೆಯ ತಿರುವಿನಲ್ಲಿ ಸಂಧಿಸಿ. ಆ ತಿರುವಿನಲ್ಲಿ ಪಟ್ಟಿಯ ಒಳ ಅಂಚನ್ನು ಸ್ವಲ್ಪ ಓರೆ ಮಾಡಿದರೆ ಹೊರಗೆ ಸಂದು ಕಾಣುವುದಿಲ್ಲ. ಕೊನೆಯ ಪಟ್ಟಿಗೆ ಇಂಗ್ಲಿಷ್ ಮಾತಾಡುವ ದೋಣಿಗಾರರು ‘ವಿಸ್ಕಿ ಪ್ಲ್ಯಾಂಕ್’ ಅನ್ನುತ್ತಾರೆ. ಅದು ಕೂತ ಮೇಲೆ ಒಂದು ಗುಟುಕು ಹಾಕುವ ರೂಢಿ. ಕೂರಿಸುವ ಮೊದಲೇ ಹಾಕಿದರೆ ಏನಾಗುತ್ತದೆ ಅಂತ ಕೇಳಬೇಡಿ.

ಇಷ್ಟೆಲ್ಲ ಓದಿ ಭಯಪಡಬೇಡಿ. ನಿಮ್ಮದು ಎರಡು ಪದರದ ಕಿಟ್. ಮೊದಲ ಪದರ ಯಾರಿಗೂ ಕಾಣುವುದಿಲ್ಲ. ಸಣ್ಣ ಸಂದಿಗೆ ಉಜ್ಜಿದ ಪುಡಿಯನ್ನೇ ಬಿಳಿ ಅಂಟಿನಲ್ಲಿ ಕಲಸಿ ತುಂಬಿ. ಏರುಪೇರು ಇದ್ದರೆ ಉಜ್ಜಿ. ಅಂಗೈಯನ್ನು ಕಣ್ಣು ಮುಚ್ಚಿ ಮೂತಿಯಿಂದ ಹಿಂದಕ್ಕೆ ಸವರಿ. ಕಣ್ಣಿಗೆ ಕಾಣದ ಉಬ್ಬು ಕೈಗೆ ಸಿಗುತ್ತದೆ. 1.5 ಮಿ.ಮೀ. ಇದ್ದದ್ದು ಉಜ್ಜಿ ಉಜ್ಜಿ ಕಾಗದವಾಗದಿದ್ದರೆ ಸಾಕು. ಮೇಲಿನ ಪದರದ ವಾಲ್‌ನಟ್ ಅಥವಾ ಮಹಾಗನಿ ತುಂಬಾ ತೆಳುವಾಗಿರುತ್ತದೆ. ಅದಕ್ಕೂ ಲೆಕ್ಕ ಇದೇ. ಉಜ್ಜುವುದು ಮಾತ್ರ 240ರಿಂದ ಶುರುಮಾಡಿ, ಕೈ ಹಗುರವಾಗಿರಲಿ. ಮರದ ಪುಡಿ ಒಳಗೆ ಹೋಗದಂತೆ ಮಾಸ್ಕ್ ಹಾಕಿಕೊಳ್ಳಿ.

ಈಗ ನೀರಿಗೆ ಬಿಡುವ ಆಸೆ. ಆಗುತ್ತದೆ, ಆದರೆ ಕಿಟ್ ಇದ್ದ ಹಾಗೇ ಕಟ್ಟಿದರೆ ಖಂಡಿತ ಆಗುವುದಿಲ್ಲ. ತೇಲುತ್ತದೆ, ನಿಜ. ಮೊದಲ ಗಾಳಿಗೇ ಪಕ್ಕಕ್ಕೆ ಮಲಗುತ್ತದೆ.

ಯಾಕೆ ಅನ್ನುವುದು ಸ್ವಾರಸ್ಯವಾಗಿದೆ. ಒಂದು ದೊಡ್ಡ ದೋಣಿಯನ್ನು ಹತ್ತರಲ್ಲಿ ಒಂದರಷ್ಟಕ್ಕೆ ಇಳಿಸಿದಿರಿ ಅನ್ನಿ. ಉದ್ದ ಹತ್ತನೇ ಒಂದು. ಹಾಯಿಯ ವಿಸ್ತೀರ್ಣ ನೂರನೇ ಒಂದು. ತೂಕ ಸಾವಿರದಲ್ಲಿ ಒಂದು ಪಾಲು. ಗಾಳಿ ಮಾತ್ರ ಚಿಕ್ಕದಾಗಲಿಲ್ಲ, ಅದೇ ಗಾಳಿ. ದೋಣಿಯನ್ನು ಬೀಳಿಸುವುದು ಹಾಯಿಯ ಮೇಲಿನ ಒತ್ತಡ ಮತ್ತು ಕಂಬದ ಎತ್ತರ. ಎರಡೂ ಸೇರಿ ಸಾವಿರದಲ್ಲಿ ಒಂದು ಪಾಲಾಯಿತು. ಬೀಳದಂತೆ ತಡೆಯುವುದು ತೂಕ ಮತ್ತು ಅದರ ಆಳ. ಅದು ಹತ್ತು ಸಾವಿರದಲ್ಲಿ ಒಂದು ಪಾಲಾಯಿತು. ಅಂದರೆ ನಿಮ್ಮ ಮಾದರಿ ಅಸಲಿ ದೋಣಿಗಿಂತ ಹತ್ತು ಪಟ್ಟು ಸುಲಭವಾಗಿ ವಾಲುತ್ತದೆ. ಚಿಕ್ಕದು ಮಾಡಿದಷ್ಟೂ ಈ ಕಷ್ಟ ಜಾಸ್ತಿ.

ದೊಡ್ಡವರೂ ಈ ಲೆಕ್ಕ ತಪ್ಪಿದ್ದಾರೆ. ಸ್ವೀಡನ್ನಿನ ಯುದ್ಧನೌಕೆ ವಾಸಾ 1628ರಲ್ಲಿ ಮೊದಲ ಪಯಣಕ್ಕೆ ಹೊರಟು, ಸುಮಾರು 1300 ಮೀಟರ್ ಹೋಗುವಷ್ಟರಲ್ಲಿ ಒಂದು ಗಾಳಿಗೆ ವಾಲಿ, ತೆರೆದ ತೋಪಿನ ಕಿಂಡಿಗಳಿಂದ ನೀರು ನುಗ್ಗಿ ಮುಳುಗಿತು. ಮೇಲೆ ಭಾರ ಜಾಸ್ತಿ, ಕೆಳಗೆ ಸಾಲದು. 1961ರಲ್ಲಿ ಅದನ್ನು ಮೇಲೆತ್ತಿದರು. ಇವತ್ತು ಸ್ಟಾಕ್‌ಹೋಮ್‌ನಲ್ಲಿ ನೋಡಬಹುದು. ಅದರ ಕಿಟ್‌ಗಳೂ ಬರುತ್ತವೆ, ಆದರೆ ಮೊದಲ ಕಿಟ್ ಆಗಿ ಮಾತ್ರ ಬೇಡ.

ಹಾಗಾದರೆ ಏನು ಮಾಡಬೇಕು? ಕೀಲ್‌ನ ಕೆಳಗೆ ಒಂದು ಆಳವಾದ ರೆಕ್ಕೆ, ಅದರ ತುದಿಗೆ ಸೀಸದ ಗುಂಡು. ರೇಡಿಯೊ ರಿಮೋಟ್‌ನಿಂದ ಓಡಿಸುವ ಹಾಯಿದೋಣಿಗಳ ‘ಇಂಟರ್‌ನ್ಯಾಷನಲ್ ಒನ್ ಮೀಟರ್’ ವರ್ಗವನ್ನು ನೋಡಿ. ದೋಣಿಯ ಕನಿಷ್ಠ ತೂಕ 4 ಕೆ.ಜಿ. ಅದರಲ್ಲಿ ರೆಕ್ಕೆ ಮತ್ತು ಸೀಸವೇ 2.2ರಿಂದ 2.5 ಕೆ.ಜಿ. ಅರ್ಧಕ್ಕಿಂತ ಜಾಸ್ತಿ ತೂಕ ಕೆಳಗೇ ಇದೆ! ನಿಮ್ಮ ದೋಣಿಗೂ ಒಟ್ಟು ತೂಕದ ಅರ್ಧದಷ್ಟನ್ನು ಕೆಳಗೆ ಇಳಿಸುವ ಗುರಿ ಇಟ್ಟುಕೊಳ್ಳಿ.

ನಿಮ್ಮ ದೋಣಿ ಎಷ್ಟು ತೂಕ ಹೊರುತ್ತದೆ? ಅಂದಾಜು ಹೀಗೆ. ನೀರಿನ ಮಟ್ಟದಲ್ಲಿ 52 ಸೆಂ.ಮೀ. ಉದ್ದ, 15 ಅಗಲ, ಒಡಲು 5 ಸೆಂ.ಮೀ. ಆಳ ಮುಳುಗುತ್ತದೆ ಅಂದುಕೊಂಡರೆ ಅಷ್ಟು ದೊಡ್ಡ ಪೆಟ್ಟಿಗೆಯ ಗಾತ್ರ 3900 ಘನ ಸೆಂ.ಮೀ. ದೋಣಿ ಪೆಟ್ಟಿಗೆಯಲ್ಲ, ಹಾಯಿದೋಣಿಯ ಒಡಲು ಅದರ ಸುಮಾರು ಹತ್ತರಲ್ಲಿ ನಾಲ್ಕು ಪಾಲು ಮಾತ್ರ ತುಂಬುತ್ತದೆ. ಅಂದರೆ ಒಂದೂವರೆ ಕೆ.ಜಿ.ಯ ಆಸುಪಾಸು. ನಿಖರ ಲೆಕ್ಕ ಬೇಕಾದರೆ ಕಾಗದ ಬಿಟ್ಟು ಟಬ್ಬಿಗೆ ಹೋಗಿ. ಡೆಕ್ ಮುಚ್ಚುವ ಮೊದಲು, ನೀರು ಇಳಿಯದಂತೆ ಬಳಿದ ಒಡಲನ್ನು ತೇಲಿಬಿಡಿ. ಹಾಯಿಕಂಬ, ಬ್ಯಾಟರಿ, ಡೆಕ್‌ನ ತುಂಡು ಎಲ್ಲ ಒಳಗಿಡಿ. ಆಮೇಲೆ ಸಣ್ಣ ಸಣ್ಣ ತೂಕ ಹಾಕುತ್ತಾ, ನಕ್ಷೆಯಲ್ಲಿರುವ ನೀರಿನ ಗೆರೆಗೆ ಸರಿಯಾಗಿ ಮುಳುಗಿದಾಗ ನಿಲ್ಲಿಸಿ. ಆ ತೂಕಗಳನ್ನು ತೂಗಿದರೆ ನಿಮ್ಮ ರೆಕ್ಕೆ, ಸೀಸದ ಭಾರ ಸಿಕ್ಕಿತು. ಎಲ್ಲಿ ಇಟ್ಟಾಗ ಮಟ್ಟಸವಾಗಿ ತೇಲಿತೋ ಅದೂ ಗುರುತಿರಲಿ. ಸೀಸ ಅಲ್ಲೇ ಕೆಳಗೆ ಬರಬೇಕು.

ಸೀಸವನ್ನು ಮನೆಯಲ್ಲಿ ಕರಗಿಸಲು ಹೋಗಬೇಡಿ, ಅದರ ಹೊಗೆ ವಿಷ. ಸೀಸದ ಸಣ್ಣ ಗುಂಡುಗಳನ್ನು ಎಪಾಕ್ಸಿಯಲ್ಲಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು) ಕಲಸಿ ಅಚ್ಚಿಗೆ ಹಾಕಿದರೂ ಕೆಲಸವಾಗುತ್ತದೆ. ಕೈಗವಸು ಹಾಕಿಕೊಳ್ಳಿ, ಆಮೇಲೆ ಕೈ ತೊಳೆಯಿರಿ.

ರೆಕ್ಕೆ ಬಿಚ್ಚಿ ಹಾಕುವಂತಿರಲಿ. ಕಪಾಟಿನಲ್ಲಿರುವಾಗ ಅದಿಲ್ಲದೆ ದೋಣಿ ಚೆಂದ ಕಾಣುತ್ತದೆ. ಅದಕ್ಕೆ ಕೀಲ್‌ನಲ್ಲಿ ಒಂದು ಸೀಳು, ಒಳಗೆ ರೆಕ್ಕೆಯ ತಲೆ ಕೂರುವ ಮರದ ಗೂಡು, ಡೆಕ್‌ನಿಂದ ಬಿಗಿಯುವ ಒಂದು ಬೋಲ್ಟ್ ಬೇಕು. ಈ ಗೂಡನ್ನು ಎಪಾಕ್ಸಿಯಲ್ಲಿ ಭದ್ರವಾಗಿ ಕೂರಿಸುವುದು ಪಟ್ಟಿ ತೆರೆದಿರುವ ಈಗ ಮಾತ್ರ ಸುಲಭ. ಚುಕ್ಕಾಣಿಯ ಸರಳು ಹಾಯುವ ಹಿತ್ತಾಳೆ ಕೊಳವೆಯನ್ನೂ ಈಗಲೇ ಹಾಕಿ. ಕೊಳವೆಯ ಮೇಲ್ತುದಿ ನೀರಿನ ಗೆರೆಗಿಂತ ಮೇಲಿರಬೇಕು, ಇಲ್ಲವಾದರೆ ಅದೇ ನಿಮ್ಮ ಬಾವಿ. ಏಳನೇ ಪಟ್ಟಿ ಬೇಡ ಅಂದದ್ದು ಇದಕ್ಕೇ.

ಅಂಟು ಬದಲಾಯಿಸಬೇಕೇ ಅಂತ ಕೇಳಿದ್ದೀರಿ. ಕಪಾಟಿನ ದೋಣಿಗೆ ಸಾದಾ ಬಿಳಿ ಅಂಟೇ ಅತ್ಯುತ್ತಮ. ನೀರಿಗೆ ಬಿಡುವುದಕ್ಕೆ ಅದೇ ಜಾತಿಯ ನೀರು ತಡೆಯುವ ಅಂಟು ತನ್ನಿ. ಬಾಟಲಿಯ ಮೇಲೆ ಡಿ3 ಅಥವಾ ಡಿ4 ಅಂತ ಇರುತ್ತದೆ. ರೆಕ್ಕೆಯ ಗೂಡು, ಕಂಬದ ಬುಡ, ಚುಕ್ಕಾಣಿ ಕೊಳವೆಗೆ ಎಪಾಕ್ಸಿ. ಸೂಪರ್ ಗ್ಲೂವನ್ನು ಅವಸರದ ಗುಂಡುಸೂಜಿಯ ಹಾಗೆ ಬಳಸಿ, ಒಂದೊಂದು ಹನಿ, ಅಷ್ಟೇ. ಅದು ಮರದಲ್ಲಿ ಇಳಿದ ಜಾಗ ಆಮೇಲೆ ಬಣ್ಣವನ್ನೂ ವಾರ್ನಿಷನ್ನೂ ಹೀರುವುದಿಲ್ಲ, ಕಲೆ ಉಳಿಯುತ್ತದೆ. ಚೆಲ್ಲಿದರೆ ಹತ್ತಿಯಿಂದ ಮಾತ್ರ ಒರೆಸಬೇಡಿ. ಹತ್ತಿಗೆ ಜಾಸ್ತಿ ತಾಗಿದರೆ ಕೈ ಸುಡುವಷ್ಟು ಬಿಸಿಯಾಗುತ್ತದೆ.

ಪಟ್ಟಿ ಎಲ್ಲ ಮುಗಿದ ಮೇಲೆ ಒಳಗೆ ಎರಡು ಕೋಟ್ ತೆಳು ಎಪಾಕ್ಸಿ ಬಳಿಯಿರಿ. ಮೂಲೆ ಮೂಲೆಗೂ ಹೋಗಲಿ. ಹೊರಗೆ ತೆಳ್ಳನೆಯ ಗಾಜಿನ ಬಟ್ಟೆಯನ್ನು ಎಪಾಕ್ಸಿಯಲ್ಲಿ ಹಚ್ಚಿದರೆ ಅದು ಪಾರದರ್ಶಕವಾಗಿ ಮರ ಹಾಗೇ ಕಾಣುತ್ತದೆ. ಬರೀ ವಾರ್ನಿಷ್ ಆದರೆ ನಾಲ್ಕೈದು ಕೋಟ್ ಬೇಕು, ನಡುನಡುವೆ 320ರಲ್ಲಿ ಉಜ್ಜಬೇಕು.

ರೇಡಿಯೊಗೆ ಎರಡು ಚಾನೆಲ್ ಸಾಕು. ಒಂದು ಚುಕ್ಕಾಣಿಗೆ, ಇನ್ನೊಂದು ಹಾಯಿಯ ಹಗ್ಗ ಎಳೆದು ಬಿಡಲು. ರಿಸೀವರ್‌ನ ಆಂಟೆನಾ ನೀರಿನ ಗೆರೆಗಿಂತ ಮೇಲಿರಲಿ, 2.4 ಗಿಗಾಹರ್ಟ್ಸ್ ಸಂಕೇತ ನೀರನ್ನು ದಾಟುವುದಿಲ್ಲ. ಕಿಟ್‌ನ ಹತ್ತಿ ಹಾಯಿ ನೋಡಲು ಚೆಂದ, ಒದ್ದೆಯಾದರೆ ಜೋತುಬೀಳುತ್ತದೆ. ಅದನ್ನು ತೆಗೆದಿಟ್ಟು ತೆಳು ರಿಪ್‌ಸ್ಟಾಪ್ ನೈಲಾನ್ ಅಥವಾ ಪಾಲಿಯೆಸ್ಟರ್‌ನಲ್ಲಿ ಇನ್ನೊಂದು ಜೊತೆ ಹೊಲಿಯಿರಿ. ಅಸಲಿ ದೋಣಿಯ ಅಳತೆಗೆ ಸರಿಯಾಗಿ ಇಳಿಸಿ ಮಾಡಿದ ಚುಕ್ಕಾಣಿ ಸಾಮಾನ್ಯವಾಗಿ ಸಾಲುವುದಿಲ್ಲ. ಕೆಳಗೆ ಪಾರದರ್ಶಕ ಪ್ಲಾಸ್ಟಿಕ್ಕಿನ ತುಂಡು ಸೇರಿಸಿದರೆ ನೀರಿನಲ್ಲಿ ಕಾಣುವುದೇ ಇಲ್ಲ. ಕಂಬದ ಬುಡವನ್ನು ಮಾತ್ರ ಒಂದೇ ಜಾಗಕ್ಕೆ ಅಂಟಿಸಬೇಡಿ. ಹಿಂದೆ ಮುಂದೆ ಒಂದೆರಡು ಸೆಂ.ಮೀ. ಜರುಗುವಂತೆ ಮೂರ್ನಾಲ್ಕು ತೂತಿರುವ ಪಟ್ಟಿ ಕೂರಿಸಿ.

ಅದರ ಉಪಯೋಗ ಮೊದಲ ದಿನವೇ ಗೊತ್ತಾಗುತ್ತದೆ. ಎಲೆ ಅಲ್ಲಾಡುವಷ್ಟು ಗಾಳಿ ಇರುವ ಹೊತ್ತು ನೋಡಿ ಬಿಡಿ. ಗಾಳಿ ಪಕ್ಕದಿಂದ ಬರುತ್ತಿರುವಾಗ ಚುಕ್ಕಾಣಿ ನಡುವೆ ಇಟ್ಟು ಸುಮ್ನಿರಿ. ದೋಣಿ ತಾನಾಗಿ ಜೋರಾಗಿ ಗಾಳಿಯ ಕಡೆಗೆ ಮೂತಿ ತಿರುಗಿಸಿದರೆ ಕಂಬವನ್ನು ಒಂದು ತೂತು ಮುಂದಕ್ಕೆ ಹಾಕಿ. ಗಾಳಿಗೆ ಬೆನ್ನು ಮಾಡಿ ಓಡಿದರೆ ಒಂದು ತೂತು ಹಿಂದಕ್ಕೆ. ಮೆಲ್ಲಗೆ, ತುಸುವೇ ಗಾಳಿಯ ಕಡೆಗೆ ತಿರುಗುವಂತಿದ್ದರೆ ಸರಿಯಾಯಿತು. ಕಾಲು ಗಂಟೆಗೊಮ್ಮೆ ದಡಕ್ಕೆ ತಂದು ಒಳಗೆ ಬೆರಳು ಹಾಕಿ ನೋಡಿ. ಒದ್ದೆ ಸಿಕ್ಕರೆ ಮೊದಲು ಚುಕ್ಕಾಣಿಯ ಕೊಳವೆ, ಆಮೇಲೆ ರೆಕ್ಕೆಯ ಗೂಡು ಪರೀಕ್ಷಿಸಿ. ಪಟ್ಟಿಗಳ ನಡುವಿನಿಂದ ನೀರು ಬರುವುದು ಅಪರೂಪ.